ಬೋರ್ ನೀರಿನ ಊರಿನಲ್ಲಿ ಹಳೆಯ ಡಿಶ್‌ವಾಷರ್

ಹತ್ತು ವರ್ಷ ದುಡಿದ ಡಿಶ್‌ವಾಷರಿನಿಂದ ತೆಗೆದ ಸ್ಟೀಲ್ ಲೋಟದ ಮೇಲೆ ಬೂದಿ ಬಳಿದಂತೆ ಬಿಳಿ ಪದರ, ತಟ್ಟೆಯ ಅಂಚಿನಲ್ಲಿ ಒಣಗಿದ ಸಾರಿನ ಗೆರೆ, ಚಮಚದ ಬೆನ್ನಿಗೆ ಅಂಟಿದ ಅನ್ನದ ಅಗುಳು. ಯಂತ್ರಕ್ಕೆ ವಯಸ್ಸಾಯಿತು, ಹೊಸದು ತರೋಣ ಎಂಬ ಮಾತು ಮನೆಯಲ್ಲಿ ಏಳುವುದು ಇಂಥ ಹೊತ್ತಿನಲ್ಲೇ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಈ ತೀರ್ಮಾನ ಬಹಳ ಸಲ ಅವಸರದ್ದು. ಇಲ್ಲಿನ ನೀರಿಗೆ ಸಿಕ್ಕ ಡಿಶ್‌ವಾಷರ್ ಸವೆಯುವುದಕ್ಕೆ ಮೊದಲು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದನ್ನು ಬಿಡಿಸಲು ಬರುತ್ತದೆ.

ಕುದೇರಿನ ಡೈರಿ ಏನು ಮಾಡುತ್ತದೆ

ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಬಳಿಯ ಕುದೇರು ಹೆಸರಾಗಿರುವುದು ಚಾಮುಲ್ ಡೈರಿಯಿಂದ. ಹಳ್ಳಿಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳ ಹಾಲು ಬಂದು ಸೇರುವ ಜಾಗ ಅದು. ಪಾತ್ರೆ ತೊಳೆಯುವ ಯಂತ್ರಕ್ಕೂ ಹಾಲಿನ ಡೈರಿಗೂ ಏನು ನಂಟು ಎಂದರೆ, ಡೈರಿ ಎಂಬುದೇ ಅರ್ಧ ಪಾಲು ತೊಳೆಯುವ ಕೆಲಸ. ಹಾಲು ಹರಿದ ಕೊಳವೆ, ಟ್ಯಾಂಕು, ಪಾಶ್ಚರೀಕರಣದ ತಗಡುಗಳನ್ನು ಬಿಚ್ಚದೆ, ಒಳಗೇ ದ್ರಾವಣ ಹರಿಸಿ ತೊಳೆಯುವ ಪದ್ಧತಿ ಆಧುನಿಕ ಡೈರಿಗಳಲ್ಲೆಲ್ಲ ಒಂದೇ. ಅದಕ್ಕೆ ಸಿ.ಐ.ಪಿ. ಎನ್ನುತ್ತಾರೆ. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾಸ್ಟಿಕ್ ಸೋಡಾ ದ್ರಾವಣ, ಮತ್ತೆ ನೀರು, ಬಳಿಕ ತೆಳುವಾದ ನೈಟ್ರಿಕ್ ಆಮ್ಲ, ಕೊನೆಗೆ ಮತ್ತೆ ನೀರು.

ಈ ಸರದಿಯಲ್ಲಿ ಲೆಕ್ಕಾಚಾರ ಇದೆ. ಮೊದಲೇ ಕುದಿ ನೀರು ಬಿಟ್ಟರೆ ಹಾಲಿನ ಪ್ರೋಟೀನ್ ಬೆಂದು ಲೋಹಕ್ಕೆ ಅಂಟುತ್ತದೆ. ಜಿಡ್ಡು ಮತ್ತು ಪ್ರೋಟೀನು ಕ್ಷಾರಕ್ಕೆ ಬಗ್ಗುತ್ತವೆ, ಆಮ್ಲಕ್ಕೆ ಬಗ್ಗುವುದಿಲ್ಲ. ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುವ ಪದರ, ಡೈರಿಯವರು ಮಿಲ್ಕ್ ಸ್ಟೋನ್ ಎನ್ನುವುದು, ಆಮ್ಲಕ್ಕೆ ಮಾತ್ರ ಕರಗುತ್ತದೆ. ಮನೆಯ ಡಿಶ್‌ವಾಷರಿನಲ್ಲೂ ಇರುವ ಶತ್ರುಗಳು ಇವೇ ಎರಡು. ನಾವು ದಿನವೂ ಹಾಕುವ ಪುಡಿ ಕ್ಷಾರದ್ದು. ಆಮ್ಲದ ಸರದಿಯನ್ನು ಹೆಚ್ಚಿನ ಮನೆಗಳು ವರ್ಷಗಟ್ಟಲೆ ಮರೆತಿರುತ್ತವೆ.

ನಾಲ್ಕು ಕೈಗಳ ಕೆಲಸ

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ರಸಾಯನತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ತೊಳೆಯುವ ಕೆಲಸವನ್ನು ನಾಲ್ಕು ಭಾಗ ಮಾಡಿ ತೋರಿಸಿದ: ರಸಾಯನ, ಶಾಖ, ಸಮಯ, ನೀರಿನ ಹೊಡೆತ. ಒಂದು ಕಡಿಮೆಯಾದರೆ ಉಳಿದವು ಆ ಕೊರತೆ ತುಂಬಬೇಕು. ಹಳೆಯ ಯಂತ್ರದ ತೊಂದರೆ ಹುಡುಕುವಾಗ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಕೈಯಲ್ಲಿ ತಿಕ್ಕುವಾಗ ನಾರಿನ ಒತ್ತಡವೇ ಮುಕ್ಕಾಲು ಕೆಲಸ ಮಾಡುತ್ತದೆ. ಡಿಶ್‌ವಾಷರಿನಲ್ಲಿ ತಿಕ್ಕುವವರಿಲ್ಲ.

ತಿಕ್ಕದೆ ತೊಳೆಯಬಹುದು ಎಂದು ತೋರಿಸಿಕೊಟ್ಟವಳು ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫಿನ್ ಕಾಕ್ರನ್. ತಂತಿಯ ಗೂಡುಗಳಲ್ಲಿ ಪಾತ್ರೆ ಜೋಡಿಸಿ ಬಿಸಿ ಸಾಬೂನು ನೀರು ಚಿಮ್ಮಿಸುವ ಯಂತ್ರಕ್ಕೆ ಅವಳು 1886ರ ಡಿಸೆಂಬರ್ 28ರಂದು ಪೇಟೆಂಟ್ ಪಡೆದಳು. 1893ರ ಷಿಕಾಗೊ ವಿಶ್ವಮೇಳದಲ್ಲಿ ಅದು ಹೋಟೆಲಿನವರ ಕಣ್ಣಿಗೆ ಬಿತ್ತು. ಇಂದಿನ ಯಂತ್ರದಲ್ಲೂ ಮೂಲ ಅದೇ. ತಳದಲ್ಲಿ ಮೂರು ನಾಲ್ಕು ಲೀಟರ್ ನೀರು ತುಂಬುತ್ತದೆ, ಹೀಟರ್ ಕಾಯಿಸುತ್ತದೆ, ಪಂಪು ಆ ನೀರನ್ನೇ ಮತ್ತೆ ಮತ್ತೆ ತಿರುಗುವ ತೋಳುಗಳ ರಂಧ್ರದಿಂದ ಎರಚುತ್ತದೆ. ಕೊಳೆ ನೀರು ಹೊರಗೆ ಹೋಗಿ ಹೊಸ ನೀರು ಬರುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಹೀಗೆ ಹಲವು ಸಲ ನೀರು ಬದಲಾಗುತ್ತದೆ.

ನೀರು ಎಷ್ಟು ಗಡಸು?

ಈ ಸೀಮೆಯ ಬೋರ್‌ವೆಲ್‌ಗಳು ಗಟ್ಟಿ ಬಂಡೆಯ ಬಿರುಕುಗಳಿಂದ ನೀರೆತ್ತುತ್ತವೆ. ಚಾಮರಾಜನಗರದ ಕರಿಕಲ್ಲು ಜಗತ್ತಿನ ಮಾರುಕಟ್ಟೆಗೆ ಹೋಗುವುದು ಎಲ್ಲರಿಗೂ ಗೊತ್ತು. ಇಂಥ ಗಟ್ಟಿ ಬಂಡೆಗಳ ನಡುವೆ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತುಕೊಂಡೇ ಮೇಲೆ ಬರುತ್ತದೆ. ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಇರುವಲ್ಲಿ ಇನ್ನೂ ಹೆಚ್ಚು.

ಕುಡಿಯುವ ನೀರಿನ ಭಾರತೀಯ ಮಾನಕ (ಐ.ಎಸ್. 10500, 2012ರ ಆವೃತ್ತಿ) ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸೂಕ್ತ ಎನ್ನುತ್ತದೆ; ಬೇರೆ ನೀರು ಸಿಗದ ಕಡೆ 600ರವರೆಗೆ ಒಪ್ಪುತ್ತದೆ. ಮನುಷ್ಯ ಕುಡಿಯಬಹುದಾದ ಆ 600ರ ನೀರು ಯಂತ್ರಕ್ಕೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕೋಣ. ಒಂದು ಸುತ್ತಿಗೆ 12 ಲೀಟರ್ ಎಂದಿಟ್ಟುಕೊಂಡರೆ 7.2 ಗ್ರಾಂ ಸುಣ್ಣದ ಅಂಶ ಒಳಗೆ ಬಂತು. ನೂರು ಸುತ್ತಿಗೆ 720 ಗ್ರಾಂ. ಅದರಲ್ಲಿ ಬಹುಪಾಲು ಚರಂಡಿಗೆ ಹೋಗುತ್ತದೆ, ನಿಜ. ಉಳಿದದ್ದು ಕೂರುವುದು ಹೀಟರಿನ ಮೇಲೆ, ತೋಳಿನ ರಂಧ್ರಗಳಲ್ಲಿ, ಲೋಟದ ಮೈಮೇಲೆ. ನೀರು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ನಿಮ್ಮ ನೀರನ್ನು ಅಳೆಯುವುದು ಕಷ್ಟವಲ್ಲ. ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂದು ಕರೆಯುವ ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ನೀರು ಪರೀಕ್ಷಿಸುವ ಕಿಟ್‌ಗಳನ್ನು ಕೊಡಲಾಗಿದೆ, ಅವುಗಳಲ್ಲಿ ಗಡಸುತನದ ಪರೀಕ್ಷೆಯೂ ಸೇರಿದೆ; ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಅಂದಾಜು ಸಾಕೆಂದರೆ ಬಾಟಲಿಗೆ ಅರ್ಧ ನೀರು ತುಂಬಿ, ಮೈಸೂರು ಸ್ಯಾಂಡಲ್‌ನಂಥ ನಿಜವಾದ ಸಾಬೂನಿನ ಚೂರು ಹೆರೆದು ಹಾಕಿ ಕುಲುಕಿ. ನೊರೆ ಬಾರದೆ ಮೊಸರಿನ ನೀರಿನ ಹಾಗೆ ಕದಡಿದರೆ ನೀರು ಗಡಸು. ಶಾಂಪೂ, ಡಿಟರ್ಜೆಂಟು ಹಾಕಿ ನೋಡಿದರೆ ಮೋಸ ಹೋಗುತ್ತೀರಿ, ಅವು ಗಡಸು ನೀರಿನಲ್ಲೂ ನೊರೆಯುತ್ತವೆ.

ಒಂದೇ ನಲ್ಲಿಯಲ್ಲಿ ಕೆಲವು ದಿನ ನದಿಯ ನೀರು, ಕೆಲವು ದಿನ ಬೋರ್ ನೀರು ಬರುವ ಊರುಗಳಿವೆ. ಅಲ್ಲಿ ಯಂತ್ರವನ್ನು ಹೊಂದಿಸಬೇಕಾದ್ದು ಬೋರ್ ನೀರಿಗೆ. ಇನ್ನೊಂದು ಮಾತು: ಆರ್‌ಓ ಯಂತ್ರ ಹೊರಹಾಕುವ ನೀರನ್ನು ಉಳಿತಾಯದ ಹುರುಪಿನಲ್ಲಿ ಡಿಶ್‌ವಾಷರಿಗೆ ತಿರುಗಿಸಬೇಡಿ. ಮೂಲ ನೀರಿಗಿಂತ ಅದರಲ್ಲಿ ಲವಣ ಹೆಚ್ಚು. ನೆಲ ಒರೆಸಲು ಆಗಬಹುದು, ಇದಕ್ಕಾಗದು.

ಉಪ್ಪಿನ ಡಬ್ಬಿ

ಭಾರತದಲ್ಲಿ ಮಾರುವ ಬಹುತೇಕ ಡಿಶ್‌ವಾಷರುಗಳ ತಳದಲ್ಲಿ ನೀರು ಮೆದುಗೊಳಿಸುವ ಚಿಕ್ಕ ಘಟಕ ಇರುತ್ತದೆ. ಅದರೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಯಂತ್ರ ಉಪ್ಪುನೀರು ಹರಿಸಿ ಅವನ್ನು ತೊಳೆದು ಮತ್ತೆ ಸಜ್ಜು ಮಾಡುತ್ತದೆ. ಉಪ್ಪು ಮುಗಿದರೆ ಈ ಇಡೀ ಏರ್ಪಾಡು ಸುಮ್ಮನೆ ಕುಳಿತಿರುತ್ತದೆ. ಹಳೆಯ ಯಂತ್ರಗಳಲ್ಲಿ ಉಪ್ಪಿನ ಸೂಚನಾ ದೀಪ ಕೆಟ್ಟಿರುವುದು ಸಾಮಾನ್ಯವಾದ್ದರಿಂದ ದೀಪವನ್ನು ನಂಬದೆ ಮುಚ್ಚಳ ತಿರುಗಿಸಿ ನೋಡಬೇಕು.

ಆಲ್ ಇನ್ ಒನ್ ಬಿಲ್ಲೆ ಹಾಕುತ್ತೇವೆ, ಉಪ್ಪು ಬೇಡವಂತೆ ಎನ್ನುವವರು ಪೊಟ್ಟಣದ ಸಣ್ಣ ಅಕ್ಷರ ಓದಬೇಕು. ಆ ಮಾತು ಸಾಮಾನ್ಯವಾಗಿ 21 ಜರ್ಮನ್ ಡಿಗ್ರಿ ಗಡಸುತನದವರೆಗೆ ಮಾತ್ರ; ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 375 ಮಿಲಿಗ್ರಾಂ. ಅದನ್ನು ಮೀರಿದ ಬೋರ್ ನೀರಿಗೆ ಬಿಲ್ಲೆಯೊಳಗಿನ ಮದ್ದು ಸಾಲದು.

ಅಡುಗೆಯ ಪುಡಿ ಉಪ್ಪು ಬೇಡ, ಅದರಲ್ಲಿ ಗಂಟು ಕಟ್ಟದಿರಲು ಬೆರೆಸುವ ಪದಾರ್ಥವಿದೆ, ಪುಡಿಯೂ ತೀರ ನಯ. ಕಲ್ಲುಪ್ಪು ದಪ್ಪಗಿದೆಯಲ್ಲ ಎಂದು ಕೆಲವರು ಅದನ್ನು ಸುರಿಯುತ್ತಾರೆ. ಸಮುದ್ರದ ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಒಂದಿಷ್ಟು ಮಣ್ಣು ಎಲ್ಲ ಇರುತ್ತದೆ. ಯಾವುದನ್ನು ತೆಗೆಯಲು ಹೊರಟಿದ್ದೇವೋ ಅದನ್ನೇ ತುಂಬಿದಂತಾಯಿತು. ಡಿಶ್‌ವಾಷರ್ ಉಪ್ಪಿಗೆ ಕೊಡುವ ಕಾಸು ದಂಡವಲ್ಲ. ತುಂಬಿದ ಕೂಡಲೇ ಒಂದು ಸುತ್ತು ಓಡಿಸಿ, ಚೆಲ್ಲಿದ ಉಪ್ಪು ಸ್ಟೀಲಿನ ಮೇಲೆ ನಿಂತರೆ ತುಕ್ಕಿನ ಚುಕ್ಕೆ ಏಳುತ್ತದೆ.

ಉಪ್ಪು ತುಂಬಿದ್ದರೂ ಸಾಲದು, ಎಷ್ಟು ಗಡಸಿಗೆ ಎಷ್ಟು ಉಪ್ಪು ಎಂಬ ಹೊಂದಿಕೆ ಇದೆ. ಅಂಗಡಿಯಿಂದ ಬಂದಾಗಿನ ಮಧ್ಯಮ ಮಟ್ಟದಲ್ಲೇ ಹತ್ತು ವರ್ಷ ಓಡಿದ ಯಂತ್ರಗಳು ಬೇಕಾದಷ್ಟಿವೆ. ಕೈಪಿಡಿ ಕಳೆದಿದ್ದರೆ ಮಾಡೆಲ್ ಸಂಖ್ಯೆ ಬಾಗಿಲ ಅಂಚಿನಲ್ಲಿ ಸಿಗುತ್ತದೆ, ಕಂಪನಿಯ ತಾಣದಲ್ಲಿ ಕೈಪಿಡಿ ಹುಡುಕಬಹುದು. ಈ ಸೀಮೆಯ ಬೋರ್ ನೀರಿಗೆ ಅತಿ ಹೆಚ್ಚಿನ ಮಟ್ಟಕ್ಕೆ ತಿರುಗಿಸಿ, ಒಂದೆರಡು ವಾರ ನೋಡಿ, ಬೇಕಾದರೆ ಇಳಿಸಿ. ತಿಂಗಳುಗಟ್ಟಲೆ ಉಪ್ಪು ಒಂದಿಷ್ಟೂ ಇಳಿಯದಿದ್ದರೆ ಉಪ್ಪುನೀರು ಬಿಡುವ ವಾಲ್ವ್ ಅಂಟಿಕೊಂಡಿದೆ ಎಂದು ತಿಳಿಯಬೇಕು. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ರಾಳವೇ ಹಾಳಾಗುವುದುಂಟು.

ಡಿಶ್‌ವಾಷರಿನ ನೀರನ್ನು ಹಿತ್ತಿಲ ಬಾಳೆಗೋ ಕರಿಬೇವಿಗೋ ಬಿಡುವವರಿಗೆ ಒಂದು ಎಚ್ಚರಿಕೆ. ಇದರಲ್ಲಿ ಸೋಡಿಯಂ ಇದೆ, ಕ್ಷಾರ ಇದೆ. ದಿನವೂ ಒಂದೇ ಪಾತಿಗೆ ಬಿದ್ದರೆ ಮಣ್ಣು ಗಟ್ಟಿಯಾಗಿ ನೀರು ಇಂಗದ ಹಾಗಾಗುತ್ತದೆ.

ಕಟ್ಟಿದ ಸುಣ್ಣ ಬಿಡಿಸುವ ಬಗೆ

ಮೊದಲು ಲೋಟದ ಬಿಳಿ ಪದರ ಸುಣ್ಣವೇ ಎಂದು ಖಚಿತ ಮಾಡಿಕೊಳ್ಳಿ. ನಿಂಬೆ ಹೋಳಿನಿಂದ ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಯಿತೇ, ಅದು ಸುಣ್ಣ. ಗಾಜಿನ ಲೋಟ ಆಗಲೂ ಮಬ್ಬಾಗಿಯೇ ಉಳಿದರೆ ಗಾಜಿನ ಮೈಯೇ ಸವೆದಿದೆ, ಅದಕ್ಕೆ ಔಷಧವಿಲ್ಲ.

ಸುಣ್ಣ ಬಿಡಿಸಲು ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಧಾರಾಳ ಸಾಕು. ಡೈರಿಯ ಸರದಿಯನ್ನೇ ಹಿಡಿಯಿರಿ. ಪಾತ್ರೆಗಳಿಲ್ಲದ ಯಂತ್ರವನ್ನು ಮಾಮೂಲಿ ಪುಡಿ ಹಾಕಿ ಅತಿ ಬಿಸಿಯ ಸುತ್ತಿನಲ್ಲಿ ಒಮ್ಮೆ ಓಡಿಸಿ. ಸುಣ್ಣದ ಮೇಲೆ ಕುಳಿತ ಜಿಡ್ಡು ಹೋಗಬೇಕು, ಇಲ್ಲದಿದ್ದರೆ ಆಮ್ಲ ಒಳಗೆ ಇಳಿಯುವುದಿಲ್ಲ. ಆಮೇಲೆ ಸುಮಾರು 100 ಗ್ರಾಂ ನಿಂಬೆ ಉಪ್ಪು ಹಾಕಿ, ಪುಡಿ ಇಲ್ಲದೆ, ಮತ್ತೊಂದು ಬಿಸಿ ಸುತ್ತು. ಇಲ್ಲಿ ಹಲವರು ಎಡವುತ್ತಾರೆ. ಆರಂಭದಲ್ಲೇ ತಳಕ್ಕೆ ಸುರಿದರೆ ಮುಂಚಿನ ತಣ್ಣೀರ ತೊಳೆತದ ಜೊತೆ ಅದೆಲ್ಲ ಹೊರಗೆ ಹೋಗುತ್ತದೆ. ಮೊದಲ ನೀರು ಹೊರಹೋಗುವ ಸದ್ದು ಕೇಳಿ, ಬಾಗಿಲು ಮೆಲ್ಲಗೆ ತೆಗೆದು, ಆಗ ಹಾಕಿ ಮುಚ್ಚಬೇಕು. ಗಡಸು ನೀರಿನ ಮನೆಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಇದು ಬೇಕು.

ನಿಂಬೆ ಉಪ್ಪು ಇರಲಿ, ವಿನಿಗರ್ ಇರಲಿ, ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಬೆರೆಸಬಾರದು. ಆಮ್ಲ ತಗುಲಿದ ಬ್ಲೀಚಿನಿಂದ ಏಳುವುದು ಕ್ಲೋರಿನ್ ಅನಿಲ. ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಜರಡಿ, ತೋಳು, ಕೊಳವೆ

ನೀರಿನ ಹೊಡೆತ ಕುಂದುವುದಕ್ಕೆ ಪಂಪು ಕಾರಣವಾಗುವುದು ಅಪರೂಪ. ತಳದ ಜರಡಿಯನ್ನು ತಿರುಗಿಸಿ ಎತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಲ್ಲಿಯ ಕೆಳಗೆ ಉಜ್ಜಿ. ವಾರಕ್ಕೊಮ್ಮೆ ಮಾಡಿದರೆ ಐದು ನಿಮಿಷದ ಕೆಲಸ. ತೋಳುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ ಸಾಸಿವೆ, ಜೀರಿಗೆ, ಹುಣಸೆಯ ನಾರು, ಕರಿಬೇವಿನ ಕಡ್ಡಿ ಸಿಕ್ಕಿಕೊಂಡಿರುವುದು ಕಾಣುತ್ತದೆ. ಒಗ್ಗರಣೆ ಇಲ್ಲದ ಅಡುಗೆಯವರು ವಿನ್ಯಾಸ ಮಾಡಿದ ರಂಧ್ರಗಳು ಅವು, ನಮ್ಮ ಸಾಸಿವೆಗೆ ಸರಿಯಾದ ಅಳತೆ! ಪೊರಕೆ ಕಡ್ಡಿಯಿಂದ ಚುಚ್ಚಿ ತೆಗೆದು, ನಿಂಬೆ ಉಪ್ಪಿನ ಬಿಸಿ ನೀರಿನಲ್ಲಿ ನೆನೆಹಾಕಿ.

ತೋಳು ತಿರುಗುತ್ತಿದೆಯೇ ಎಂದು ತಿಳಿಯಲು, ಎರಡೂ ತೋಳುಗಳನ್ನು ಒಂದು ಗುರುತಿಗೆ ನಿಲ್ಲಿಸಿ ಯಂತ್ರ ಹಾಕಿ, ನೀರು ಎರಚಲು ಶುರುವಾಗಿ ಕೆಲವು ನಿಮಿಷದ ಬಳಿಕ ಬಾಗಿಲು ತೆಗೆದು ನೋಡಿ. ಇನ್ನೂ ಒಂದೆರಡು ಸಲ ಹೀಗೆ ನೋಡಿದರೂ ಅದೇ ಗುರುತಿನಲ್ಲಿದ್ದರೆ ತಿರುಗುತ್ತಿಲ್ಲ. ಬಾಗಿಲ ರಬ್ಬರಿನ ಕೆಳ ಅಂಚಿಗೆ ನೀರೇ ತಾಗುವುದಿಲ್ಲ, ಅಲ್ಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಬೇಕು. ಒಳಗಿನ ನಾತಕ್ಕೆ ಬಹಳ ಸಲ ಮೂಲ ಅದೇ. ನೀರು ಹೊರಹೋಗುವ ಪೈಪು ಸಿಂಕಿನ ಕೆಳಗೆ ನೇರ ನೆಲಕ್ಕೆ ಇಳಿದಿದ್ದರೆ ಒಮ್ಮೆ ಮೇಲೇರಿಸಿ ಬಳಸಿ ತನ್ನಿ, ಕೊಳೆ ನೀರು ಹಿಂದಕ್ಕೆ ಬರುವುದು ತಪ್ಪುತ್ತದೆ.

ಟ್ಯಾಂಕಿನ ಎತ್ತರ, ಕರೆಂಟಿನ ಬಲ

ಡಿಶ್‌ವಾಷರುಗಳಿಗೆ ಸಾಮಾನ್ಯವಾಗಿ 0.3ರಿಂದ 0.5 ಬಾರ್ ನೀರಿನ ಒತ್ತಡವಾದರೂ ಬೇಕು. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. ಒಂದೇ ಅಂತಸ್ತಿನ ಮನೆಯ ತಾರಸಿ ಮೇಲಿನ ಸಿಂಟೆಕ್ಸ್ ಟ್ಯಾಂಕು ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3. ಅದೂ ಟ್ಯಾಂಕಿನಲ್ಲಿ ನೀರು ಇದ್ದಾಗ. ಜೊತೆಗೆ ನೀರು ಒಳಬರುವ ಪೈಪಿನ ಬಾಯಲ್ಲಿರುವ ಪುಟ್ಟ ಬಲೆಯಲ್ಲಿ ಬೋರಿನ ಮರಳು ಕೂತರೆ ಯಂತ್ರ ಅರೆಹೊಟ್ಟೆಯಲ್ಲೇ ಕೆಲಸಕ್ಕಿಳಿಯುತ್ತದೆ. ನಲ್ಲಿ ನಿಲ್ಲಿಸಿ, ಪೈಪು ಬಿಚ್ಚಿ, ಆ ಬಲೆ ತೊಳೆಯುವುದು ಯಾರಾದರೂ ಮಾಡಬಹುದಾದ ಕೆಲಸ. ಟ್ಯಾಂಕನ್ನು ಎರಡು ಮೀಟರ್ ಎತ್ತರದ ಸ್ಟ್ಯಾಂಡಿಗೆ ಏರಿಸುವುದು ಖರ್ಚಿನ ಕೆಲಸವಾದರೂ ಶವರಿಗೂ ಉಪಕಾರ.

ವೋಲ್ಟೇಜಿನ ಮಾತು ಇದಕ್ಕಿಂತ ಸೂಕ್ಷ್ಮ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ ಹೀಟರ್ ಕೊಡುವ ಶಾಖ ಶೇ. 61ಕ್ಕೆ ಕುಸಿಯುತ್ತದೆ. ಗುಂಡಿ ತಿರುಗಿಸುವ ಹಳೆಯ ಮಾಡೆಲುಗಳಲ್ಲಿ ಕೆಲವು ನೀರು ಕಾಯುವವರೆಗೆ ತಾಳುತ್ತವೆ, ಕೆಲವು ಗಡಿಯಾರದಂತೆ ಮುಂದೆ ಹೋಗಿಬಿಡುತ್ತವೆ. ಎರಡನೆಯ ಬಗೆಯ ಯಂತ್ರ ಸಂಜೆಯ ಮಂದ ಕರೆಂಟಿನಲ್ಲಿ ಬರೀ ಬೆಚ್ಚಗಿನ ನೀರಿನಲ್ಲಿ ತೊಳೆದು ಮುಗಿಸಿರುತ್ತದೆ. ರಾತ್ರಿ ಹತ್ತರ ಮೇಲೆ ಹಾಕಿ ನೋಡಿ, ವ್ಯತ್ಯಾಸ ಕಂಡರೆ ದೋಷ ಯಂತ್ರದ್ದಲ್ಲ.

ಸೋಲಾರ್ ನೀರನ್ನು ನೇರ ಕೊಡಬಹುದೇ? ಬಹಳಷ್ಟು ಯಂತ್ರಗಳು 60 ಡಿಗ್ರಿವರೆಗಿನ ನೀರನ್ನು ಒಪ್ಪುತ್ತವೆ, ಕೈಪಿಡಿ ನೋಡಿಕೊಳ್ಳಿ. ಮಧ್ಯಾಹ್ನದ ಸೋಲಾರ್ ನೀರು ಅದನ್ನು ಮೀರುವುದುಂಟು, ತಣ್ಣೀರು ಬೆರೆಸದೆ ಕೊಡಬಾರದು. ಹಾಲು, ಮೊಟ್ಟೆಯ ಪಾತ್ರೆಗಳಿದ್ದ ದಿನ ತಣ್ಣೀರೇ ಲೇಸು.

ಪುಡಿಯೋ, ಬಿಲ್ಲೆಯೋ

ಹಳೆಯ ಯಂತ್ರಗಳು ತಯಾರಾದ ಕಾಲದ ಪುಡಿಗಳಲ್ಲಿ ಫಾಸ್ಫೇಟ್ ಧಾರಾಳ ಇತ್ತು. ಸುಣ್ಣವನ್ನು ಹಿಡಿದಿಡುವುದು ಅದರ ಗುಣ. ಕೆರೆ ನದಿಗಳಲ್ಲಿ ಪಾಚಿ ಹೆಚ್ಚಿಸುತ್ತದೆಂದು ಅಮೆರಿಕದ ಹಲವು ರಾಜ್ಯಗಳು 2010ರಲ್ಲಿ, ಐರೋಪ್ಯ ಒಕ್ಕೂಟ 2017ರಲ್ಲಿ ಅದನ್ನು ಬಹುತೇಕ ತೆಗೆಸಿದವು. ತೆಗೆಸಿದ್ದು ಒಳ್ಳೆಯದೇ. ಫಾಸ್ಫೇಟ್ ಇಲ್ಲದ ಪುಡಿ ಬಳಸುವಾಗ ಉಪ್ಪಿನ ಹೊಣೆ ಹೆಚ್ಚಿತು ಅಷ್ಟೆ.

ಹಳೆಯ ಯಂತ್ರಕ್ಕೆ ನನ್ನ ಮತ ಪುಡಿಯ ಕಡೆಗೆ. ಕೊಳೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು, ಮುಂಚಿನ ತೊಳೆತಕ್ಕೆ ಒಂದು ಚಮಚ ಬಾಗಿಲ ಮೇಲೆ ಉದುರಿಸಬಹುದು, ಅರ್ಧ ಗಂಟೆಯ ಸುತ್ತಿನಲ್ಲೂ ಕರಗುತ್ತದೆ. ಬಿಲ್ಲೆ ಚಿಕ್ಕ ಸುತ್ತಿನಲ್ಲಿ ಅರ್ಧ ಕರಗಿ ಉಳಿಯುವುದುಂಟು. ಪುಡಿಯಲ್ಲಿರುವ ಕಿಣ್ವಗಳು, ಅಂದರೆ ಪಿಷ್ಟ ಮತ್ತು ಪ್ರೋಟೀನ್ ಒಡೆಯುವ ಅಂಶಗಳು, 50ರಿಂದ 60 ಡಿಗ್ರಿಯ ನಡುವೆ ಚೆನ್ನಾಗಿ ದುಡಿಯುತ್ತವೆ. ತೇವಕ್ಕೆ ಸಿಕ್ಕ ಪುಡಿ ಸತ್ತಂತೆ. ಕೈಯಲ್ಲಿ ತೊಳೆಯುವ ಜೆಲ್ ಒಂದು ಚಮಚ ಹಾಕಿದರೂ ನೊರೆ ಉಕ್ಕಿ ನೀರಿನ ಹೊಡೆತವೇ ನಿಂತುಹೋಗುತ್ತದೆ.

ರಿನ್ಸ್ ಏಡ್ ಎಂಬ ದ್ರವ ಪಾತ್ರೆ ಒಣಗುವಾಗ ನೀರಿನ ಹನಿ ಉಳಿಯದಂತೆ ನೋಡಿಕೊಳ್ಳುತ್ತದೆ. ಹನಿಯ ಗುರುತು ಉಳಿದರೆ ಅಳತೆ ಏರಿಸಿ, ನೀಲಿ ಗೆರೆ ಕಂಡರೆ ಇಳಿಸಿ.

ಮುದ್ದೆ ಪಾತ್ರೆ, ಹಾಲಿನ ಪಾತ್ರೆ, ಕುಕ್ಕರು

ಮುದ್ದೆ ತೊಳಸಿದ ಪಾತ್ರೆಯನ್ನು ಹಾಗೇ ಒಳಗಿಟ್ಟು ಯಂತ್ರವನ್ನು ಬೈಯುವುದು ಅನ್ಯಾಯ. ಬೆಂದ ರಾಗಿಯ ಪಿಷ್ಟ ಒಣಗಿದರೆ ಕೈಗೇ ಬಗ್ಗುವುದಿಲ್ಲ. ಬಡಿಸಿದ ಕೂಡಲೇ ನೀರು ಹಾಕಿಟ್ಟು, ನೆನೆದ ಸೀಕನ್ನು ಕೆರೆದು ತೆಗೆದು ಆಮೇಲೆ ಇಡಬೇಕು. ಹಾಲಿನ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಾಡಿಸಿ. ಉಪ್ಸಾರಿನ ಖಾರ, ಹುರುಳಿಕಟ್ಟಿನ ಪಾತ್ರೆಗಳು ನೆನೆಯದೆಯೂ ಶುಚಿಯಾಗುತ್ತವೆ. ಹಾಗೆಂದು ತಟ್ಟೆಗಳನ್ನೆಲ್ಲ ನಲ್ಲಿಯ ಕೆಳಗೆ ತೊಳೆದೇ ಇಡುವ ಅಗತ್ಯವಿಲ್ಲ. ಎಲುಬು, ಸಿಪ್ಪೆ, ಅನ್ನ ಬಳಿದು ಹಾಕಿದರೆ ಸಾಕು.

ಜೋಡಿಸುವಾಗ ಪಾತ್ರೆಯ ಬಾಯಿ ಕೆಳಮುಖವಾಗಿ, ಕೊಳೆಯ ಮುಖ ತೋಳಿನ ಕಡೆಗೆ ಇರಲಿ. ಲೋಟದೊಳಗೆ ಲೋಟ, ಬಟ್ಟಲೊಳಗೆ ಬಟ್ಟಲು ಕೂತರೆ ಒಳಗಿನದು ಒದ್ದೆಯಾಗುವುದೇ ಇಲ್ಲ. ದೊಡ್ಡ ಊಟದ ತಟ್ಟೆ ಮುಂದೆ ನಿಂತು ಪುಡಿಯ ಡಬ್ಬಿಯ ಮುಚ್ಚಳವನ್ನು ತಡೆಯದಂತೆ ನೋಡಿ. ಲೋಡು ಮುಗಿದ ಮೇಲೆ ಎರಡೂ ತೋಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಬಾಗಿಲು ಹಾಕುವುದು ರೂಢಿಯಾಗಬೇಕು.

ಅಲ್ಯೂಮಿನಿಯಂ ಪಾತ್ರೆ, ಅಲ್ಯೂಮಿನಿಯಂ ಕುಕ್ಕರು ಕ್ಷಾರಕ್ಕೆ ಕಪ್ಪಾಗುತ್ತವೆ. ಕಬ್ಬಿಣದ ಹೆಂಚು ಪಳಗಿದ ಮೈ ಕಳೆದುಕೊಂಡು ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ತಾಮ್ರ, ಮುದ್ದೆ ಕೋಲು, ಮಣ್ಣಿನ ಮಡಕೆ ಯಾವುದೂ ಒಳಗೆ ಹೋಗಬಾರದು. ಅರಿಶಿನ ಹತ್ತಿದ ಪ್ಲಾಸ್ಟಿಕ್ ಡಬ್ಬಿಯ ಹಳದಿಯನ್ನು ಯಾವ ಯಂತ್ರವೂ ಪೂರ್ತಿ ತೆಗೆಯದು. ಬಿಸಿಲಿಗಿಟ್ಟರೆ ತಾನೇ ಮಾಸುತ್ತದೆ.

ಯಾವಾಗ ಕೈಬಿಡಬೇಕು

ಇಷ್ಟೆಲ್ಲ ಮಾಡಿದ ಮೇಲೂ ಫಲವಿಲ್ಲದಿದ್ದರೆ, ಮುಖ್ಯ ತೊಳೆತದ ಕೊನೆಯ ಹೊತ್ತಿಗೆ ಬಾಗಿಲು ಸ್ವಲ್ಪವೇ ತೆರೆದು ನೋಡಿ. ಆವಿ ಮುಖಕ್ಕೆ ಬಡಿಯಬಹುದು, ಮುಖ ದೂರ ಇರಲಿ. ಆವಿ ಏಳಲೇ ಇಲ್ಲ, ಪಾತ್ರೆ ತಣ್ಣಗಿದೆ ಎಂದರೆ ಹೀಟರ್ ಅಥವಾ ಥರ್ಮೋಸ್ಟಾಟ್ ಹೋಗಿದೆ. ಅದನ್ನು ಬದಲಿಸಬಹುದು, ಆದರೆ ಮನೆಯಲ್ಲಿ ಬಿಚ್ಚುವ ಕೆಲಸವಲ್ಲ. ಪುಡಿ ಡಬ್ಬಿಯ ಸ್ಪ್ರಿಂಗು, ನೀರಿನ ವಾಲ್ವ್, ರಬ್ಬರು, ತೋಳು ಇವೂ ಬದಲಿಸಿ ಉಳಿಸಿಕೊಳ್ಳುವಂಥವೇ. ಸ್ಟೀಲಿನ ಒಳಮೈ ತುಕ್ಕಿಗೆ ತೂತಾಗಿ ತಳಕ್ಕೆ ನೀರು ಸೋರುತ್ತಿದ್ದರೆ, ಅಥವಾ ಪಂಪೂ ವಿದ್ಯುತ್ ಫಲಕವೂ ಒಟ್ಟಿಗೆ ಕೆಟ್ಟು ಬಿಡಿಭಾಗ ಸಿಗದಿದ್ದರೆ ಮಾತ್ರ ಹಳೆಯದನ್ನು ಬಿಡಬೇಕು. ಅಲ್ಲಿಯವರೆಗೆ ಹೊಸದು ಬೇಡ; ತಂದರೂ ಅದಕ್ಕೆ ಬರುವುದು ಇದೇ ಬೋರ್ ನೀರು. ಅಂಗಡಿಗೆ ಹೊರಡುವ ಮುಂಚೆ ಉಪ್ಪಿನ ಡಬ್ಬಿಯ ಮುಚ್ಚಳ ಒಮ್ಮೆ ತೆಗೆದು ನೋಡಿ.